ಮಳಖೇಡದ ಮಹಾವೀರಾಚಾರ್ಯರು ಬೇಡ ಅಂದ ಇನ್‌ಪುಟ್

ಮಹಾವೀರಾಚಾರ್ಯರು ತಮ್ಮ ಹುಟ್ಟೂರು, ತಂದೆ-ತಾಯಿ ಯಾವುದನ್ನೂ ಬರೆದಿಟ್ಟಿಲ್ಲ. ಉಳಿದಿರೋದು ಒಂದು ಪುಸ್ತಕ, ‘ಗಣಿತಸಾರಸಂಗ್ರಹ’. ಅದರ ಆರಂಭದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೊಗಳಿಕೆ ಇದೆ. ಅವನು ಆಳಿದ್ದು ಸುಮಾರು 814ರಿಂದ 878ರವರೆಗೆ. ಹಾಗಾಗಿ ಪುಸ್ತಕ ಸುಮಾರು 850ರದ್ದು ಅಂತಾರೆ. ರಾಜಧಾನಿ ಮಾನ್ಯಖೇಟ ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ ಬಂದದ್ದೂ ಇದೇ ಆಸ್ಥಾನದಿಂದ. ಅದರ ಹೆಸರು ನಾವೆಲ್ಲ ಕೇಳಿರ್ತೀವಿ, ಇವರ ಹೆಸರು ಕೇಳಿದವರು ಕಡಿಮೆ.

ಆಚಾರ್ಯರು ಜೈನರು, ಬರೆದದ್ದು ಸಂಸ್ಕೃತ ಶ್ಲೋಕಗಳಲ್ಲಿ. ಲೆಕ್ಕ ಎಲ್ಲೆಲ್ಲಿ ಬೇಕು ಅಂತ ಶುರುವಿನಲ್ಲೇ ಪಟ್ಟಿ ಕೊಡ್ತಾರೆ: ವೈದ್ಯ, ವಾಸ್ತು, ಸಂಗೀತ, ಅಡುಗೆ ಕೂಡ! ಶ್ಲೋಕದಲ್ಲಿ ಅಂಕಿ ಕೂರಿಸೋಕೆ ಪದಗಳನ್ನೇ ಬಳಸ್ತಾರೆ. ಚಂದ್ರ ಅಂದ್ರೆ 1, ಕಣ್ಣು ಅಂದ್ರೆ 2. (ಆ ಲೆಕ್ಕದಲ್ಲಿ ನಮ್ಮ ಚಂದ್ರಾ ಲೇಔಟ್ ಒಂದನೇ ಲೇಔಟ್.) ಆ ಪದಗಳನ್ನ ನಮ್ಮ ಪ್ರೋಗ್ರಾಂಗೆ ಕೊಟ್ಟರೆ ಪೈಥಾನ್‌ನ ಇಂಟ್ ಫಂಕ್ಷನ್ ಎರರ್ ಕೊಡತ್ತೆ. ಕನ್ನಡ ಅಂಕಿ ‘೪’ ಕೊಟ್ಟರೆ ಮಾತ್ರ ಸುಮ್ಮನೆ 4 ಅಂತ ತಗೊಳ್ಳತ್ತೆ, ಬೇಕಾದ್ರೆ ನೋಡಿ. ಸಿ ಭಾಷೆಯ ಸ್ಕ್ಯಾನ್‌ಎಫ್ ಅಕ್ಷರ ಕಂಡರೆ ಓದದೆ ಅಲ್ಲೇ ಬಿಟ್ಟಿರತ್ತೆ. ಅದನ್ನ ತೆಗೆದುಹಾಕದಿದ್ದರೆ ಲೂಪ್ ನಿಲ್ಲೋದೇ ಇಲ್ಲ.

ಆದರೆ ಬಂದದ್ದು ಸಂಖ್ಯೆ ಅಂತ ಗೊತ್ತಾದರೆ ಸಾಕಾ? ಆಚಾರ್ಯರು ನಮಗೆ ಮುಖ್ಯ ಆಗೋದು ಇಲ್ಲೇ. ಧನ ಆಗಲಿ ಋಣ ಆಗಲಿ, ವರ್ಗ ಮಾಡಿದರೆ ಬರೋದು ಧನವೇ. ಹಾಗಾದ್ರೆ ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವೂ ಇಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿಬಿಟ್ಟರು. ಬರೀ ‘ಬೇಡ’ ಅನ್ನಲಿಲ್ಲ, ಯಾಕೆ ಬೇಡ ಅಂತಾನೂ ಹೇಳಿದರು. ನಮ್ಮ ಎರರ್ ಮೆಸೇಜುಗಳಲ್ಲಿ ಇರೋದು ಬರೀ ‘ಇನ್‌ವ್ಯಾಲಿಡ್’.

ಸೊನ್ನೆಯ ವಿಷಯದಲ್ಲಿ ಮಾತ್ರ ಅವರು ಬಾಗಿಲು ತೆರೆದಿಟ್ಟರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯತ್ತೆ ಅನ್ನೋದು ಅವರ ನಿಯಮ. ಚಂದ್ರಾ ಲೇಔಟಿನ ಒಂದು ರೂಮಿನ 1200 ರೂಪಾಯಿ ಕರೆಂಟ್ ಬಿಲ್ ಹಂಚೋ ಪ್ರೋಗ್ರಾಂ ಅಂದ್ಕೊಳ್ಳಿ. ಎಷ್ಟು ಜನ ಅಂದಾಗ ಯಾರೋ 0 ಒತ್ತಿದರು. ಆಚಾರ್ಯರ ನಿಯಮದಲ್ಲಿ ತಲೆಗೆ 1200 ಅಂತ ಉತ್ತರ ಬರತ್ತೆ, ಎರರ್ ಇಲ್ಲ, ಅನುಮಾನವೂ ಇಲ್ಲ. ಪ್ರೋಗ್ರಾಂ ಕ್ರ್ಯಾಶ್ ಆಗಿದ್ದರೇ ವಾಸಿ ಇತ್ತು. ವಿಚಿತ್ರ ಅಂದ್ರೆ, ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಅಂತ ಬರೆದವರೂ ಅವರೇ. ಉತ್ತರವನ್ನ ವಾಪಸ್ ಸೊನ್ನೆಯಿಂದ ಗುಣಿಸಿದ್ದರೆ 1200 ಸಿಗ್ತಿರಲಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳ್ತಿತ್ತು. ನಮ್ಮವರು ಅನ್ನೋ ಅಭಿಮಾನಕ್ಕೆ ಇದನ್ನ ಮುಚ್ಚಿಡೋದು ನಮಗೆ ಸರಿ ಕಾಣಲ್ಲ.

ಹಳ್ಳಿಯ ಬಡ್ಡಿ, ಬಂಗಾರದ ಬೆರಕೆ, ಗುಂಡಿ ತೋಡೋ ಲೆಕ್ಕ ಎಲ್ಲ ಇರೋ ಈ ಪುಸ್ತಕವನ್ನ 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಅಷ್ಟರಲ್ಲಿ ಋಣಸಂಖ್ಯೆಯ ವರ್ಗಮೂಲಕ್ಕೂ ಜಾಗ ಸಿಕ್ಕಿತ್ತು. 16ನೇ ಶತಮಾನದ ಇಟಲಿಯವರು ಘನ ಸಮೀಕರಣ ಬಿಡಿಸೋವಾಗ ಅದನ್ನ ಒಳಗೆ ಬಿಟ್ಟುಕೊಂಡಿದ್ದರು. ಈಗಲೂ ಪೈಥಾನ್‌ನಲ್ಲಿ ಮ್ಯಾತ್ ಮಾಡ್ಯೂಲ್ ಮೈನಸ್ 4ರ ವರ್ಗಮೂಲ ಕೇಳಿದರೆ ಆಚಾರ್ಯರ ಹಾಗೆ ಬೇಡ ಅನ್ನತ್ತೆ. ಸಿಮ್ಯಾತ್ ಮಾಡ್ಯೂಲ್ 2ಜೆ ಅಂತ ಉತ್ತರ ಕೊಡತ್ತೆ.