ಮಾಸ್ಕ್ ಹಾಕಿಸಿದ ವೈದ್ಯ, ಮಾಸ್ಕ್ ಬೇಡವೆಂದ ವೈದ್ಯ: ಡಾ. ವು ಲಿಯೆನ್-ತೆ ಕತೆ ನಿಮಗೆ ಗೊತ್ತೇ?

ಮಾಸ್ಕ್ ಎಂಬುದೇ ಕೋವಿಡ್ ಕಾಲದಲ್ಲಿ ಹುಟ್ಟಿದ ವ್ಯಾಪಾರ, ಬಟ್ಟೆಯ ತುಂಡು ರೋಗಾಣುವನ್ನು ಹೇಗೆ ತಡೆದೀತು ಎಂದು ಕೇಳುವ ಫಾರ್ವರ್ಡ್‌ಗಳು ನಮ್ಮ ನಿಮ್ಮ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ಸುದ್ದಿಯೂ ಇದೆ. ಎನ್95 ಮಾಸ್ಕನ್ನು ನೂರು ವರ್ಷಗಳ ಹಿಂದೆಯೇ ಚೀನಾದ ಒಬ್ಬ ವೈದ್ಯರು ಕಂಡುಹಿಡಿದಿದ್ದರು ಎನ್ನುವುದು. ಎರಡೂ ಪೂರ್ತಿ ಸರಿಯಲ್ಲ. ಆದರೆ ಆ ವೈದ್ಯರು ನಿಜ, ಅವರ ಬದುಕಿನ ಕತೆಯೂ ನಿಜ. ಬನ್ನಿ, ತಿಳಿಯೋಣ.

ಅಕ್ಕಸಾಲಿಗನ ಮಗ

ವು ಲಿಯೆನ್-ತೆ ಹುಟ್ಟಿದ್ದು 1879ರ ಮಾರ್ಚ್ 10ರಂದು, ಈಗ ಮಲೇಷ್ಯಾಕ್ಕೆ ಸೇರಿರುವ ಪಿನಾಂಗ್‌ನಲ್ಲಿ. ಆಗ ಅದು ಬ್ರಿಟಿಷರ ಆಡಳಿತದಲ್ಲಿತ್ತು. ತಂದೆ ಚೀನಾದಿಂದ ವಲಸೆ ಬಂದ ಅಕ್ಕಸಾಲಿಗ. ಓದಿನಲ್ಲಿ ಮುಂದಿದ್ದ ಹುಡುಗ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು 1896ರಲ್ಲಿ ಇಂಗ್ಲೆಂಡಿಗೆ ಹೋದ. ಕೇಂಬ್ರಿಡ್ಜ್‌ನಲ್ಲಿ ವೈದ್ಯಶಾಸ್ತ್ರ ಓದಿದ ಚೀನೀ ಮೂಲದ ಮೊದಲ ವಿದ್ಯಾರ್ಥಿ ಅವರೇ.

ಲಿವರ್‌ಪೂಲ್‌ನಲ್ಲಿ ಅವರಿಗೆ ಪಾಠ ಹೇಳಿದ ಗುರು ನಮಗೂ ಪರಿಚಿತರೇ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದನ್ನು 1897ರಲ್ಲಿ ಸಿಕಂದರಾಬಾದ್‌ನಲ್ಲಿ ಕಂಡುಕೊಂಡ ರೊನಾಲ್ಡ್ ರಾಸ್. ರೋಗ ಬಂದ ಮೇಲೆ ಔಷಧಿ ಕೊಟ್ಟರೆ ಸಾಲದು, ಅದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಹುಡುಕಬೇಕು. ಮುಂದೆ ವು ಅವರು ಮಾಡಿದ್ದೂ ಇದನ್ನೇ.

1903ರಲ್ಲಿ ಊರಿಗೆ ಮರಳಿ, ಪಿನಾಂಗ್‌ನಲ್ಲಿ ವೈದ್ಯರಾಗಿ ಅಫೀಮಿನ ಚಟದ ವಿರುದ್ಧ ದನಿ ಎತ್ತಿದರು. ಅಫೀಮಿನ ವ್ಯಾಪಾರದಲ್ಲಿ ಹಣ ಹಾಕಿದ್ದವರಿಗೆ ಇದು ಹಿಡಿಸಲಿಲ್ಲ. ಔಷಧಾಲಯದಲ್ಲಿ ಪರವಾನಗಿ ಇಲ್ಲದೆ ಸ್ವಲ್ಪ ಅಫೀಮಿನ ಔಷಧಿ ಇಟ್ಟಿದ್ದರೆಂದು ಅವರ ಮೇಲೆಯೇ ಕೇಸು ಹಾಕಿ ದಂಡ ವಿಧಿಸಲಾಯಿತು! 1908ರಲ್ಲಿ ಅವರು ಚೀನಾದ ತಿಯಾಂಜಿನ್‌ನಲ್ಲಿದ್ದ ಸೇನಾ ವೈದ್ಯಕೀಯ ಕಾಲೇಜಿಗೆ ಹೋದರು.

ಹಾರ್ಬಿನ್‌ನಲ್ಲಿ ಸಾವಿನ ಚಳಿಗಾಲ

1910ರ ಕೊನೆಯಲ್ಲಿ ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ವಿಚಿತ್ರ ರೋಗವೊಂದು ಕಾಣಿಸಿಕೊಂಡಿತು. ಜ್ವರ, ಕೆಮ್ಮು, ಕಫದಲ್ಲಿ ರಕ್ತ. ಕೆಲವೇ ದಿನಗಳಲ್ಲಿ ಸಾವು. ಸರ್ಕಾರದಿಂದ ತಂತಿ ಬಂತು. ಡಿಸೆಂಬರ್ 24ರಂದು ವು ಹಾರ್ಬಿನ್‌ಗೆ ಬಂದಿಳಿದಾಗ ಅವರಿಗೆ 31 ವರ್ಷ. ಜೊತೆಗಿದ್ದದ್ದು ಒಬ್ಬ ವಿದ್ಯಾರ್ಥಿ ಮತ್ತು ಒಂದು ಸೂಕ್ಷ್ಮದರ್ಶಕ.

ಅಂದಿನ ಚೀನಾದಲ್ಲಿ ಶವ ಕೊಯ್ಯುವುದು ದೊಡ್ಡ ಅಪಚಾರ. ಆದರೂ ವು ಗುಟ್ಟಾಗಿ ಮಹಿಳೆಯೊಬ್ಬರ ಶವಪರೀಕ್ಷೆ ಮಾಡಿ, ಪ್ಲೇಗ್ ರೋಗಾಣುವನ್ನು ಪತ್ತೆ ಹಚ್ಚಿದರು.

ಪ್ಲೇಗ್ ಎಂದರೆ ನಮಗೆ ಇಲಿಯೇ ನೆನಪಿಗೆ ಬರುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು, ಇಲಿ ಬಿದ್ದರೆ ಜನ ಊರು ಬಿಟ್ಟು ಗುಡಿಸಲು ಹಾಕಿಕೊಳ್ಳುತ್ತಿದ್ದದ್ದು, ಪ್ಲೇಗಮ್ಮನಿಗೆ ಹರಕೆ ಹೊತ್ತದ್ದು, ಇವೆಲ್ಲ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಆ ಪ್ಲೇಗನ್ನು ಇಲಿಯ ಮೈಮೇಲಿನ ಚಿಗಟ ಹರಡುತ್ತದೆ. ಹಾರ್ಬಿನ್‌ನಲ್ಲೂ ಇಲಿಗಳನ್ನು ಹಿಡಿದು ಪರೀಕ್ಷಿಸಿದರು, ಪ್ಲೇಗ್ ಸಿಗಲಿಲ್ಲ. ರೋಗಿಯ ಪಕ್ಕ ಕುಳಿತವರಿಗೆ, ಆರೈಕೆ ಮಾಡಿದವರಿಗೆ ರೋಗ ಅಂಟುತ್ತಿತ್ತು. ಇದು ಶ್ವಾಸಕೋಶದ ಪ್ಲೇಗ್, ಕೆಮ್ಮಿನ ತುಂತುರಿನ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡುತ್ತಿದೆ ಎಂದು ವು ಹೇಳಿದರು. ಹಲವು ವೈದ್ಯರು ನಂಬಲಿಲ್ಲ.

ಒಂದು ತುಂಡು ಬಟ್ಟೆ, ಒಂದು ಪ್ರಾಣ

ರೋಗ ಉಸಿರಿನ ದಾರಿಯಲ್ಲಿ ಬರುತ್ತಿದ್ದರೆ ತಡೆ ಬೇಕಾದದ್ದೂ ಅಲ್ಲೇ. ತೆಳು ಗಾಜ್ ಬಟ್ಟೆಯ ಪದರಗಳ ನಡುವೆ ದಪ್ಪ ಹತ್ತಿ ಇಟ್ಟು, ಬಟ್ಟೆಯ ಎರಡೂ ತುದಿ ಸೀಳಿ, ತಲೆಯ ಹಿಂದೆ ಬಿಗಿಯಾಗಿ ಕಟ್ಟುವಂಥ ಮಾಸ್ಕನ್ನು ವು ರೂಪಿಸಿದರು. ಕೈಗೆ ಸಿಗುವ ಸಾಮಾನು, ಖರ್ಚು ಕಡಿಮೆ, ಯಾರು ಬೇಕಾದರೂ ಮಾಡಿಕೊಳ್ಳಬಹುದು. ವೈದ್ಯರು, ದಾದಿಯರು, ಹೆಣ ಸಾಗಿಸುವವರು ಎಲ್ಲರೂ ಇದನ್ನು ಹಾಕಲೇಬೇಕು ಎಂದರು.

ಆಗ ಅಲ್ಲಿಗೆ ಬಂದವರು ಜೆರಾಲ್ಡ್ ಮೆಸ್ನಿ ಎಂಬ ಹಿರಿಯ ಫ್ರೆಂಚ್ ವೈದ್ಯರು. ಪ್ಲೇಗ್ ನೋಡಿದ ಅನುಭವ ಅವರಿಗಿತ್ತು. ವಯಸ್ಸಿನಲ್ಲಿ ಚಿಕ್ಕವನಾದ ಚೀನೀ ವೈದ್ಯನೊಬ್ಬ ತನಗೆ ಬುದ್ಧಿ ಹೇಳುವುದನ್ನು ಅವರು ಸಹಿಸಲಿಲ್ಲ. ವು ರಾಜೀನಾಮೆಗೂ ಸಿದ್ಧರಾದರು. ಸರ್ಕಾರ ವು ಅವರ ಪರ ನಿಂತಿತು. ಮೆಸ್ನಿ ಪ್ಲೇಗ್ ರೋಗಿಗಳನ್ನು ನೋಡಲು ರಷ್ಯನ್ ಆಸ್ಪತ್ರೆಗೆ ಹೋದರು. ವು ಬರೆದಿಟ್ಟಿರುವ ಪ್ರಕಾರ ನಿಲುವಂಗಿ, ಟೋಪಿ, ಕೈಗವಸು ಎಲ್ಲ ಇತ್ತು, ಮಾಸ್ಕ್ ಮಾತ್ರ ಇರಲಿಲ್ಲ. ಕೆಲವೇ ದಿನಗಳಲ್ಲಿ, 1911ರ ಜನವರಿ 11ರಂದು, ಮೆಸ್ನಿ ಅದೇ ಪ್ಲೇಗ್‌ನಿಂದ ತೀರಿಕೊಂಡರು.

ಈ ಸಾವು ಊರನ್ನೇ ನಡುಗಿಸಿತು. ಅದುವರೆಗೆ ನಗುತ್ತಿದ್ದವರೂ ಮಾಸ್ಕ್ ಕಟ್ಟಿಕೊಂಡರು. ಮೆಸ್ನಿಯವರನ್ನು ಮೂರ್ಖರೆಂದು ಜರಿಯುವುದು ನಮಗೆ ಸುಲಭ. ಆದರೆ ತನಗೆ ಗೊತ್ತಿದ್ದ ಪ್ಲೇಗನ್ನೇ ಇಲ್ಲಿಯೂ ನೋಡುತ್ತಿದ್ದೇನೆ ಎಂದುಕೊಂಡದ್ದು ಅವರ ತಪ್ಪು. ಅನುಭವಸ್ಥರೂ ಎಡವುವುದು ಹೀಗೆಯೇ.

ಮಾಸ್ಕ್ ಒಂದರಿಂದಲೇ ಪ್ಲೇಗ್ ನಿಂತಿತೇ?

ಇಲ್ಲ. ಇಲ್ಲಿ ಫಾರ್ವರ್ಡ್‌ಗಳು ಉತ್ಪ್ರೇಕ್ಷೆ ಮಾಡುತ್ತವೆ. ವು ರೋಗಿಗಳ ಸಂಪರ್ಕಕ್ಕೆ ಬಂದವರನ್ನು ರೈಲಿನ ಸರಕು ಬೋಗಿಗಳಲ್ಲಿ ಪ್ರತ್ಯೇಕವಾಗಿ ಇರಿಸಿದರು. ಊರನ್ನು ನಾಲ್ಕು ಭಾಗ ಮಾಡಿ ಓಡಾಟ ನಿಯಂತ್ರಿಸಿದರು. ರೈಲು ಪ್ರಯಾಣಕ್ಕೆ ತಡೆ ಬಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಹೆಣಗಳ ವಿಷಯ. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ 2,000ಕ್ಕೂ ಹೆಚ್ಚು ಶವಗಳು ಹೊರಗೇ ಬಿದ್ದಿದ್ದವು. ಹಿರಿಯರನ್ನು ಮಣ್ಣು ಮಾಡುವುದೇ ಧರ್ಮ ಎಂದು ನಂಬಿದ ಸಮಾಜದಲ್ಲಿ ಅವನ್ನು ಸುಡಲು ವು ರಾಜಮನೆತನದ ಅಪ್ಪಣೆ ಪಡೆದರು. ಜನವರಿ 31ರಂದು, ಚೀನೀ ಹೊಸ ವರ್ಷದ ಹೊತ್ತಿನಲ್ಲೇ, ಸಾಮೂಹಿಕ ದಹನ ನಡೆಯಿತು. ಮಾರ್ಚ್ 1ರಂದು ಹಾರ್ಬಿನ್‌ನಲ್ಲಿ ಕೊನೆಯ ಪ್ರಕರಣ ದಾಖಲಾಯಿತು. ಅಷ್ಟರಲ್ಲಿ ಇಡೀ ಪ್ರದೇಶದಲ್ಲಿ ಸುಮಾರು 60,000 ಜನ ಸತ್ತಿದ್ದರು. ಏಪ್ರಿಲ್‌ನಲ್ಲಿ ಮುಕ್ಡೆನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಪ್ಲೇಗ್ ಸಮ್ಮೇಳನಕ್ಕೆ ವು ಅವರೇ ಅಧ್ಯಕ್ಷರು.

ಹಾಗಾದರೆ ಎನ್95?

ವು ಅವರ ಮಾಸ್ಕ್ ಎನ್95 ಆಗಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಗಾಜ್ ಮಾಸ್ಕ್ ಬಳಕೆ 1897ರಲ್ಲೇ ಯುರೋಪಿನಲ್ಲಿ ಶುರುವಾಗಿತ್ತು. ಅಲ್ಲಿ ಮಾಸ್ಕ್ ಹಾಕುತ್ತಿದ್ದದ್ದು ರೋಗಿಯ ಗಾಯವನ್ನು ವೈದ್ಯರ ಉಸಿರಿನಿಂದ ಕಾಪಾಡಲು. ಹಾಕಿಕೊಂಡವರನ್ನೇ ಕಾಪಾಡುವ ಸಾಧನವಾಗಿ, ದೊಡ್ಡ ಪಿಡುಗಿನ ನಡುವೆ ಅದನ್ನು ಬಳಕೆಗೆ ತಂದದ್ದು ವು ಅವರ ಹೆಗ್ಗಳಿಕೆ. ಇಂದಿನ ಎನ್95ರಲ್ಲಿರುವುದು ವಿದ್ಯುದಾವೇಶ ತುಂಬಿದ ಪಾಲಿಪ್ರೊಪಿಲೀನ್ ಎಳೆಗಳು. ಪರೀಕ್ಷೆಯಲ್ಲಿ ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 95ರಷ್ಟನ್ನು ಇದು ಹಿಡಿಯಬೇಕು. ಆದರೆ ಎರಡಕ್ಕೂ ಮೂಲ ಸೂತ್ರ ಒಂದೇ: ಒಳಗೆ ಹೋಗುವ ಗಾಳಿ ಅಂಚಿನ ಸಂದಿಯಿಂದ ನುಗ್ಗದೆ, ಸೋಸುವ ಪದರದ ಮೂಲಕವೇ ಹೋಗಬೇಕು.

ಬಾಯಿ ಕಾಣುವ ಮಾಸ್ಕ್‌ಗೂ ಇದೇ ಪರೀಕ್ಷೆ

ಮಾಸ್ಕ್‌ನಲ್ಲಿ ಒಂದು ಕೊರತೆ ಅಂದಿನಿಂದಲೂ ಇದೆ. ಬಾಯಿ ಕಾಣುವುದಿಲ್ಲ. ಕಿವಿ ಕೇಳಿಸದವರು ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ಮಾಸ್ಕ್ ಹಾಕಿದ ನರ್ಸ್, ಶಿಕ್ಷಕಿ, ಬ್ಯಾಂಕ್ ಕೌಂಟರಿನವರು ಅವರಿಗೆ ಗೋಡೆ ಇದ್ದಂತೆ. ಅದಕ್ಕೇ ಈಗ ಬಾಯಿಯ ಎದುರು ಪಾರದರ್ಶಕ ಕಿಟಕಿ ಇರುವ ಮಾಸ್ಕ್‌ಗಳು ಬಂದಿವೆ. ಒಳ್ಳೆಯದೇ. ಆದರೆ ಕೊಳ್ಳುವ ಮುನ್ನ ಇಷ್ಟು ನೋಡಿ:

• ಪ್ಲಾಸ್ಟಿಕ್ ಕಿಟಕಿಯ ಮೂಲಕ ಗಾಳಿ ಹೋಗುವುದಿಲ್ಲ. ಹಾಗಾಗಿ ಸುತ್ತಲೂ ಸಾಕಷ್ಟು ಸೋಸುವ ಪದರ ಇರಬೇಕು.
• ಅಂಚು ಮುಖಕ್ಕೆ ಬಿಗಿಯಾಗಿ ಕೂರಬೇಕು. ಸಂದಿ ಇದ್ದರೆ, ಅಥವಾ ದಟ್ಟ ಗಡ್ಡ ಅಡ್ಡ ಬಂದರೆ ರಕ್ಷಣೆ ಕಡಿಮೆ.
• ಎನ್95 ಅಥವಾ ಎಫ್‌ಎಫ್‌ಪಿ2 ಪ್ರಮಾಣಪತ್ರ ಇಲ್ಲದಿದ್ದರೆ ಅದನ್ನು ರೆಸ್ಪಿರೇಟರ್ ಎಂದು ನಂಬಬೇಡಿ.
• ಉಸಿರಿನ ಮಂಜು ಕಟ್ಟಿದರೆ ಕಿಟಕಿ ಇದ್ದೂ ಇಲ್ಲದಂತೆ.
• ಮುಖದ ಮುಂದೆ ತೂಗುವ ಫೇಸ್‌ಶೀಲ್ಡ್ ರೆಸ್ಪಿರೇಟರ್‌ಗೆ ಬದಲಿಯಲ್ಲ.

ಕೊನೆಯ ದಿನಗಳು

1935ರಲ್ಲಿ ವು ಅವರ ಹೆಸರು ನೊಬೆಲ್‌ಗೆ ಸೂಚಿತವಾಗಿತ್ತು, ಪ್ರಶಸ್ತಿ ಬರಲಿಲ್ಲ. ಯುದ್ಧದಿಂದಾಗಿ 1937ರಲ್ಲಿ ಮಲಯಕ್ಕೆ ಮರಳಿ, ಇಪೋ ಊರಿನಲ್ಲಿ ಸಾಮಾನ್ಯ ವೈದ್ಯರಾಗಿ ದುಡಿದರು. 1960ರ ಜನವರಿ 21ರಂದು ಹುಟ್ಟೂರು ಪಿನಾಂಗ್‌ನಲ್ಲೇ ಕಣ್ಣು ಮುಚ್ಚಿದರು. 2021ರಲ್ಲಿ ಅವರ ಹುಟ್ಟುಹಬ್ಬದಂದು ಗೂಗಲ್ ಡೂಡಲ್ ಪ್ರಕಟಿಸಿದಾಗ ನಮ್ಮಲ್ಲಿ ಹಲವರು ಅವರ ಹೆಸರನ್ನು ಮೊದಲ ಬಾರಿಗೆ ಕೇಳಿದೆವು.

ಇಂದು ಪ್ಲೇಗ್‌ಗೆ ಆ್ಯಂಟಿಬಯಾಟಿಕ್ ಇದೆ, ಬೇಗ ಶುರು ಮಾಡಿದರೆ ಜೀವ ಉಳಿಯುತ್ತದೆ. ಹಾರ್ಬಿನ್‌ನಲ್ಲಿ ಅದು ಇರಲಿಲ್ಲ. ಇದ್ದದ್ದು ಹತ್ತಿ, ಬಟ್ಟೆ ಮತ್ತು ರೋಗ ಬರುವ ದಾರಿಯನ್ನು ಸರಿಯಾಗಿ ಗುರುತಿಸಿದ ಒಬ್ಬ ವೈದ್ಯ. ಮಾಸ್ಕ್ ಬರೀ ನಾಟಕ ಎನ್ನುವ ಫಾರ್ವರ್ಡ್ ಮುಂದಿನ ಸಲ ನಿಮ್ಮ ಗ್ರೂಪಿಗೆ ಬಂದರೆ, ಈ ಇಬ್ಬರು ವೈದ್ಯರ ಕತೆಯನ್ನು ಅಲ್ಲಿ ಹಂಚಿಕೊಳ್ಳಿ.