ಮನೆಬಾಗಿಲಿನ ಬ್ಯಾಂಕು

ಕೊಪ್ಪ, ಶೃಂಗೇರಿಗಳ ಕಡೆಯವರಿಗೆ ಮಣಿಪಾಲವೆಂದರೆ ಮೊದಲು ನೆನಪಾಗುವುದು ಆಸ್ಪತ್ರೆ. ಕಾಯಿಲೆ ಬಲಿತಾಗ ಆಗುಂಬೆ ಘಾಟಿಯನ್ನಿಳಿದು ಅಲ್ಲಿಗೆ ಹೋಗುವುದು ಮಲೆನಾಡಿನ ಅನೇಕ ಮನೆಗಳ ರೂಢಿ. ಒಂದು ಕಾಲಕ್ಕೆ ಅದು ಬರಿಯ ಬೋಳುಗುಡ್ಡ. ಅದನ್ನು ಊರಾಗಿಸಿದವರು ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಯವರು.

ಪೈಯವರು 1898ರಲ್ಲಿ ಉಡುಪಿಯ ಬಳಿಯ ಕಲ್ಯಾಣಪುರದಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಊರಿಗೆ ಮರಳಿದರು. ಆಗ ಕೈಮಗ್ಗದ ಕಸುಬು ಕುಸಿದು ಅಲ್ಲಿನ ನೇಕಾರರು ಕಂಗೆಟ್ಟಿದ್ದರು. ಔಷಧಿಯಿಂದ ವಾಸಿಯಾಗದ ಬಡತನವೆಂಬ ರೋಗಕ್ಕೂ ಚಿಕಿತ್ಸೆ ಬೇಕಾಗಿತ್ತು. 1925ರಲ್ಲಿ ಅಣ್ಣ ಉಪೇಂದ್ರ ಪೈ ಹಾಗೂ ಇಂಜಿನಿಯರ್ ವಾಮನ ಕುಡ್ವ ಅವರೊಡನೆ ಸೇರಿ, 8,000 ರೂಪಾಯಿ ಬಂಡವಾಳದಲ್ಲಿ, ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ.

ಆ ದಿನಗಳಲ್ಲಿ ಬ್ಯಾಂಕೆಂದರೆ ಉಳ್ಳವರು ಮೆಟ್ಟಿಲು ಹತ್ತುವ ಸ್ಥಳ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಕೂಲಿಯವನಿಗೆ ಅದರ ಬಾಗಿಲಲ್ಲಿ ನಿಲ್ಲಲೂ ಅಂಜಿಕೆ. ಇಷ್ಟು ಸಣ್ಣ ಬಂಡವಾಳದವರು ಭವ್ಯವಾದ ಕಚೇರಿಗೆ ಹಣ ಸುರಿದರೆ ನೇಕಾರನಿಗೆ ಸಾಲ ಕೊಡಲು ಉಳಿಯುವುದಾದರೂ ಏನು? 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಆರಂಭವಾಯಿತು. ಜನ ಬ್ಯಾಂಕಿಗೆ ಬರುವ ಬದಲು ಬ್ಯಾಂಕಿನ ಸಂಗ್ರಾಹಕನೇ ಪ್ರತಿದಿನ ಅವರ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಹೋಗತೊಡಗಿದನು. ಎರಡಾಣೆ ಕೊಟ್ಟರೂ ಸಾಕು. ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ. ಅಂದಿನ ಬಡಕುಟುಂಬಕ್ಕೆ ಅದು ಸಣ್ಣ ಗಂಟಲ್ಲ. ಹಾಗೆ ಕೂಡಿದ ಹಣವೇ ಸಾಲವಾಗಿ ಊರಿನವರ ಕೈಸೇರುತ್ತಿತ್ತು. ಆ ವರ್ಷವೇ ಬ್ರಹ್ಮಾವರದಲ್ಲಿ ಮೊದಲ ಶಾಖೆಯೂ ತೆರೆಯಿತು.

ಪೈಯವರು 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಖಾಸಗಿಯವರು ಅಂಥ ಕಾಲೇಜನ್ನು ನಡೆಸಬಲ್ಲರೆಂದು ನಂಬಿದವರು ಆಗ ವಿರಳ. ರೋಗಿಗಳಿಲ್ಲದೆ ವೈದ್ಯನನ್ನು ತಯಾರಿಸಲಾಗದು. ಆದರೆ ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆಯಿರಲಿಲ್ಲ. ಪೈಯವರು ಅದನ್ನು ಕಟ್ಟುವ ತನಕ ಕಾಯಲಿಲ್ಲ. ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳ ತರಬೇತಿಗೆ ಏರ್ಪಾಡು ಮಾಡಿದರು. ಕಟ್ಟಡ ಸರ್ಕಾರದ್ದು, ವಿದ್ಯಾರ್ಥಿಗಳು ಇವರವರು. ಮಣಿಪಾಲದ ಸ್ವಂತ ಆಸ್ಪತ್ರೆ ತಲೆಯೆತ್ತಿದ್ದು ಅನಂತರ, 1961ರಲ್ಲಿ. ಬ್ಯಾಂಕನ್ನು ಬೆಳೆಸಿದ ಜಾಣ್ಮೆಯೇ ಇಲ್ಲಿಯೂ ಕೆಲಸ ಮಾಡಿತೆಂದು ನನಗೆ ತೋರುತ್ತದೆ.

ಇದನ್ನು ಎಲ್ಲರೂ ಮೆಚ್ಚಿದರೆಂದು ತಿಳಿಯಬಾರದು. ಪ್ರವೇಶಕ್ಕಾಗಿ ಪೋಷಕರಿಂದ ಭಾರಿ ಮೊತ್ತವನ್ನು ಪಡೆಯುವ ಪದ್ಧತಿಯಿಂದ ವಿದ್ಯೆ ಮಾರಾಟದ ಸರಕಾಯಿತೆಂದು ಹಲವರು ಆಕ್ಷೇಪಿಸಿದರು. ಸರ್ಕಾರದ ಬೊಕ್ಕಸವನ್ನು ನೆಚ್ಚಿ ಕುಳಿತಿದ್ದರೆ ಕಾಲೇಜೇ ಹುಟ್ಟುತ್ತಿರಲಿಲ್ಲವೆಂಬುದು ಬೆಂಬಲಿಗರ ಉತ್ತರ. ಎರಡಾಣೆಯವನ ಬಾಗಿಲಿಗೆ ಬ್ಯಾಂಕನ್ನು ಒಯ್ದವರ ಕಾಲೇಜಿಗೆ ಎರಡಾಣೆಯವನ ಮಗ ಸೇರುವುದು ಸುಲಭವಿರಲಿಲ್ಲ. ಈ ಮಾತನ್ನು ಮರೆಮಾಚಿ ಅವರ ಜೀವನವನ್ನು ಹೇಳಲಾಗದು.

1969ರಲ್ಲಿ ಸರ್ಕಾರವು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಸಿಂಡಿಕೇಟ್ ಬ್ಯಾಂಕೂ ಅವುಗಳಲ್ಲಿ ಸೇರಿತು. ಪೈಯವರು 1979ರಲ್ಲಿ ತೀರಿಕೊಂಡರು. 2020ರಲ್ಲಿ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು, ಹಳೆಯ ನಾಮಫಲಕಗಳು ಇಳಿದವು. ಆದರೆ ನಮ್ಮ ಪೇಟೆಗಳಲ್ಲಿ ಸಹಕಾರ ಸಂಘದ ಸಂಗ್ರಾಹಕನು ಸಂಜೆ ಅಂಗಡಿಯ ಮುಂದೆ ನಿಂತಾಗ ಇಂದಿಗೂ ಜನ ಅವನನ್ನು ಪಿಗ್ಮಿಯವನೆಂದೇ ಕರೆಯುತ್ತಾರೆ.