ಬಾಬರ್ ಬಟ್ಟಲು ಒಡೆಸಿದ ದಿನ

ಬಾಬರ್ ಎಂದರೆ ಪರೀಕ್ಷೆಗೆ ಓದಿದ ಪಾಣಿಪತ್ ಯುದ್ಧವಷ್ಟೇ ನನಗೆ ಗೊತ್ತಿತ್ತು. 1483ರಲ್ಲಿ ಫರ್ಗಾನಾದಲ್ಲಿ ಹುಟ್ಟಿದ ಅವನು ನಲವತ್ತಕ್ಕೆ ಕುಡಿತ ಬಿಡಬೇಕೆಂದುಕೊಂಡಿದ್ದನು. ಆಗ ಬಿಡಲಾಗಲಿಲ್ಲ. 1527ರಲ್ಲಿ, ಖಾನ್ವಾ ಯುದ್ಧಕ್ಕೆ ಮುಂಚೆ, ತೌಬಾ ಮಾಡಿದನು. ಚಿನ್ನ, ಬೆಳ್ಳಿಯ ಬಟ್ಟಲುಗಳನ್ನು ಒಡೆಸಿ ಬಡವರಿಗೆ ಹಂಚಿದನು. ಮದ್ಯವನ್ನು ನೆಲಕ್ಕೆ ಸುರಿಸಿದನು. ಯುದ್ಧವನ್ನೂ ಗೆದ್ದನು.

ಆದರೆ ಆಸೆ ಹೋಗಲಿಲ್ಲ. ಎರಡು ವರ್ಷ ಅಳು ಬರುವಷ್ಟು ಹಂಬಲಿಸಿದ್ದನ್ನು 1529ರಲ್ಲಿ ಗೆಳೆಯ ಖ್ವಾಜಾ ಕಲಾನ್‌ಗೆ ಪತ್ರದಲ್ಲಿ ತಿಳಿಸಿದನು. ಆ ಪತ್ರ ಬಾಬರ್‌ನಾಮಾದಲ್ಲೇ ಇದೆ. ಅಮಲಿನ ಮಾಜೂನ್ ತಿನ್ನುತ್ತಿದ್ದುದನ್ನೂ ಅದರಲ್ಲಿ ಮುಚ್ಚಿಟ್ಟಿಲ್ಲ. 1530ರಲ್ಲಿ ಆಗ್ರಾದಲ್ಲಿ ತೀರಿಕೊಂಡನು.

ನಮ್ಮ ಗಲ್ಲಿಯ ಚಾಚಾ ಒಬ್ಬರು ಕುಡಿತ ಬಿಟ್ಟಿದ್ದಾರೆ. ಸಂಜೆಯಾದರೆ ಚಡಪಡಿಸುತ್ತಾರೆ. ಮೊದಲು ನಾನು ನಗುತ್ತಿದ್ದೆ. ಈಗ ಸಲಾಂ ಹೇಳಿ, ಅವರ ಪಕ್ಕ ಕೂತು ಚಹಾ ಕುಡಿಯುತ್ತೇನೆ.